ಕರೆಂಟು ಮುಗಿದ ಮೇಲೂ ಕತ್ತಿನ ಗಂಟು ಉಳಿದಿದ್ದರೆ: ಮನೆಯವರಿಗೊಂದು ಮಾರ್ಗದರ್ಶಿ

ದೊಡ್ಡಪ್ಪನ ಕೈ ದಿನಕ್ಕೆ ಹತ್ತು ಸಲ ಕತ್ತಿನ ಬಲಗಡೆಗೆ ಹೋಗುತ್ತಿತ್ತು. ಕಿವಿಯ ಕೆಳಗೆ, ದವಡೆ ತಿರುಗುವ ಜಾಗದಲ್ಲಿ ಒಂದು ಗಂಟು. ಶುರುವಿನಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿತ್ತು. 35 ದಿನ ಕರೆಂಟು, ಅಂದರೆ ರೇಡಿಯೋಥೆರಪಿ, ಮುಗಿಸಿ ಬೆಂಗಳೂರಿನಿಂದ ತಿಪಟೂರಿನ ಮನೆಗೆ ಬಂದಾಗ ಅಡಿಕೆಯಷ್ಟಾಗಿತ್ತು. ಆದರೆ ಹೋಗಿರಲಿಲ್ಲ. "ಎಲ್ಲಾ ಮುಗೀತು ಅಂದ್ರಲ್ಲೋ ಮಗಾ, ಇದು ಇನ್ನೂ ಹಂಗೇ ಐತಲ್ಲ" ಅಂತ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರಿಗೆ ಬಂದಿದ್ದು ನಾಲಿಗೆಯ ಬುಡದ ಕ್ಯಾನ್ಸರ್. ಅದು ಕತ್ತಿನ ಗ್ರಂಥಿಗೂ ಹರಡಿತ್ತು. ಚಿಕಿತ್ಸೆ ಮುಗಿದ ನಂತರದ ಮೂರು ತಿಂಗಳು ನಾವು ಬೇಡದ ತಪ್ಪು ಮಾಡಿದೆವು, ಬೇಡದ ಭಯ ಪಟ್ಟೆವು. ಈಗ ಅದೇ ದಾರಿಯಲ್ಲಿರುವ ಮನೆಯವರಿಗೆ ಬೇಕಾಗುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ರೋಗಿಯ ಕತ್ತನ್ನು ಮುಟ್ಟಿ ನೋಡಿದ ಡಾಕ್ಟರ ಮಾತೇ ಕೊನೆಯದು.

ಮೊದಲು, ಇದು ಯಾರಿಗೆ ಅಂತ ಹೇಳಿಬಿಡುತ್ತೇನೆ

ನಮ್ಮಲ್ಲಿ ಜಾಸ್ತಿ ಕಾಣುವುದು ಬಾಯಿಯ ಕ್ಯಾನ್ಸರ್. ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಮುಂಭಾಗ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಇದರ ಹಿಂದಿರುತ್ತವೆ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಕತ್ತಿನ ಗ್ರಂಥಿಗಳನ್ನೂ ಆಗಲೇ ತೆಗೆಯುತ್ತಾರೆ. ಆಮೇಲೆ ಅಗತ್ಯವಿದ್ದರೆ ಕರೆಂಟು. ಅಂಥವರಲ್ಲಿ ಕರಗುವುದನ್ನು ಕಾಯಲು ಗಂಟೇ ಇರುವುದಿಲ್ಲ.

ಟಾನ್ಸಿಲ್, ನಾಲಿಗೆಯ ಬುಡ, ಧ್ವನಿಪೆಟ್ಟಿಗೆ, ಗಂಟಲಿನ ಕೆಳಭಾಗ, ಮೂಗಿನ ಹಿಂಭಾಗ, ಈ ಜಾಗಗಳ ಕ್ಯಾನ್ಸರಿಗೆ ಎಷ್ಟೋ ಸಲ ಆಪರೇಷನ್ ಇಲ್ಲದೆ ಕರೆಂಟು ಮತ್ತು ಕೀಮೋ ಒಟ್ಟಿಗೆ ಕೊಡುತ್ತಾರೆ. ಗಂಟು ಕತ್ತಿನಲ್ಲೇ ಇರುತ್ತದೆ. ಅದು ಕರಗಿತೋ ಇಲ್ಲವೋ ಅಂತ ಕಾದು ನೋಡಬೇಕು. ಈ ಬರಹ ಅವರಿಗಾಗಿ.

ಇನ್ನೊಂದು ಮಾತು. ರೇಡಿಯೋಥೆರಪಿಗೆ ನಮ್ಮ ಕಡೆ ಎಲ್ಲರೂ ಕರೆಂಟು ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಆದರೆ ಅದರಲ್ಲಿ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ. ಎಕ್ಸ್‌ರೇ ತರಹದ ಕಿರಣವೇ, ಶಕ್ತಿ ಮಾತ್ರ ಬಹಳ ಜಾಸ್ತಿ. ಕೊಡುವಾಗ ನೋವಾಗುವುದಿಲ್ಲ. ದೊಡ್ಡಪ್ಪ ಮೊದಲ ದಿನ ಮೈ ಬಿಗಿ ಹಿಡಿದು ಮಲಗಿದ್ದರು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ನಿದ್ದೆಯಾದರೂ ಮಾಡುತ್ತಿದ್ದರು.

ಹಂತ 1: ಶುರುವಾಗುವ ಮೊದಲು ಗಂಟಿನ ಲೆಕ್ಕ ಬರೆದಿಟ್ಟುಕೊಳ್ಳಿ

ಕತ್ತಿನಲ್ಲಿ ಸುಮಾರು 300 ದುಗ್ಧಗ್ರಂಥಿಗಳಿವೆ. ಬಾಯಿ, ಗಂಟಲಿನಿಂದ ಹರಿದು ಬರುವ ದುಗ್ಧರಸವನ್ನು ಸೋಸುವುದು ಅವುಗಳ ಕೆಲಸ. ಗಂಟಲಿನ ಕ್ಯಾನ್ಸರ್ ಕಣ ಹೊರಟರೆ ಮೊದಲು ಸಿಕ್ಕಿಬೀಳುವುದು ಅಲ್ಲೇ. ಅಲ್ಲೇ ಬೆಳೆದರೆ ಕೈಗೆ ಗಂಟಾಗಿ ಸಿಗುತ್ತದೆ. ಎಷ್ಟೋ ಜನಕ್ಕೆ ಗಂಟಲಲ್ಲಿ ಏನೂ ನೋವಿರುವುದಿಲ್ಲ, ಕತ್ತಿನ ಗಂಟೇ ಮೊದಲ ಸೂಚನೆ.

ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ಇಷ್ಟು ಬರೆಯಿರಿ: ಗಂಟು ಎಡಕ್ಕೋ ಬಲಕ್ಕೋ, ಎರಡೂ ಕಡೆಯೋ. ಎಷ್ಟು ಗಂಟು. ಸ್ಕ್ಯಾನ್ ರಿಪೋರ್ಟಿನಲ್ಲಿ ಎಷ್ಟು ಸೆಂಟಿಮೀಟರ್ ಅಂತಿದೆ. ಒಳಗೆ ನೀರು ತುಂಬಿದೆ ಅಥವಾ ಕೊಳೆತಿದೆ ಅಂತ ಬರೆದಿದ್ದಾರಾ. ಗ್ರಂಥಿಯ ಕವಚ ದಾಟಿ ಹೊರಗೆ ಹಬ್ಬಿದೆ ಅಂತಿದೆಯಾ. ಸೂಜಿ ಪರೀಕ್ಷೆಯಲ್ಲಿ ಏನು ಬಂತು. ಮೂರು ತಿಂಗಳ ನಂತರ ಹೊಸ ರಿಪೋರ್ಟನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಹಳೆಯ ಸ್ಕ್ಯಾನಿನ ಸಿಡಿ, ಫಿಲ್ಮ್ ಜೋಪಾನ. ನಮ್ಮ ಮನೆಯಲ್ಲಿ ಅದು ಬೀರುವಿನ ಮೇಲೆ ಸೇರಿ, ಬೇಕಾದಾಗ ಅರ್ಧ ದಿನ ಹುಡುಕಿದೆವು.

ಹಲ್ಲಿನ ಡಾಕ್ಟರಿಗೆ ತೋರಿಸುವುದನ್ನು ಮರೆಯಬೇಡಿ. ಕೀಳಬೇಕಾದ ಹಲ್ಲನ್ನು ಕರೆಂಟಿಗೆ ಮೊದಲೇ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

ಬೀಡಿ, ಸಿಗರೇಟು, ಹೊಗೆಸೊಪ್ಪು ಅಂದೇ ಬಿಡಬೇಕು. ಇದು ಬುದ್ಧಿಮಾತಲ್ಲ, ಚಿಕಿತ್ಸೆಯದೇ ಭಾಗ. ಕಿರಣ ಚೆನ್ನಾಗಿ ಕೆಲಸ ಮಾಡಲು ಗಡ್ಡೆಯೊಳಗೆ ಆಮ್ಲಜನಕ ಬೇಕು. ಹೊಗೆ ಸೇದಿದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ದೊಡ್ಡ ಗಂಟಿನ ನಡುಭಾಗಕ್ಕೆ ಮೊದಲೇ ಅದು ಸರಿಯಾಗಿ ತಲುಪುವುದಿಲ್ಲ. ರಕ್ತಹೀನತೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಂತ 2: ಏಳು ವಾರ, ಒಂದು ದಿನವೂ ತಪ್ಪಿಸಬೇಡಿ

ಸಾಮಾನ್ಯ ಲೆಕ್ಕ ಹೀಗಿದೆ. ದಿನಕ್ಕೆ 2 ಗ್ರೇ (ಕಿರಣದ ಪ್ರಮಾಣದ ಅಳತೆ), ಸೋಮವಾರದಿಂದ ಶುಕ್ರವಾರ, 35 ದಿನ, ಒಟ್ಟು 70 ಗ್ರೇ. ಜೊತೆಗೆ ವಾರಕ್ಕೊಮ್ಮೆ ಅಥವಾ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ.

ಗಂಟು ಕರಗುವ ವಿಷಯದಲ್ಲಿ ಮನೆಯವರ ಕೈಯಲ್ಲಿರುವ ದೊಡ್ಡ ಕೆಲಸ ಯಾವುದು ಅಂದರೆ, ದಿನ ತಪ್ಪದಂತೆ ನೋಡಿಕೊಳ್ಳುವುದು. ಮಧ್ಯೆ ಬಿಡುವು ಸಿಕ್ಕರೆ ಉಳಿದ ಕ್ಯಾನ್ಸರ್ ಕಣಗಳು ಜೋರಾಗಿ ಬೆಳೆಯುತ್ತವೆ. ಒಟ್ಟು ಚಿಕಿತ್ಸೆ ಒಂದು ವಾರ ಲಂಬಿಸಿದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸರಾಸರಿ ಶೇ. 14ರಷ್ಟು ಇಳಿಯುತ್ತದೆ ಅಂತ 1990ರ ದಶಕದಲ್ಲೇ ಲೆಕ್ಕ ಹಾಕಿದ್ದಾರೆ. ಹಬ್ಬ, ಮದುವೆ, ಗೃಹಪ್ರವೇಶ ಯಾವುದಕ್ಕೂ ಬಿಡುವು ಕೇಳಬೇಡಿ. ಮಷಿನ್ ಕೆಟ್ಟು ಒಂದು ದಿನ ಹೋದರೆ "ಇದನ್ನು ಹೇಗೆ ತುಂಬುತ್ತೀರಿ?" ಅಂತ ಕೇಳಿ. ಶನಿವಾರ ಕೊಡುವುದು, ಅಥವಾ ಒಂದೇ ದಿನ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಕೊಡುವುದು, ಹೀಗೆ ದಾರಿಗಳಿವೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊರಿಂದ ಓಡಾಡುವವರಿಗೆ ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಿ.

ಊಟದ ಮಾತು. ಮೂರನೇ ವಾರದಿಂದ ಬಾಯಿ, ಗಂಟಲು ಹುಣ್ಣಾಗುತ್ತದೆ. ತೂಕ ಇಳಿಯುತ್ತದೆ. ತೂಕ ಇಳಿದರೆ ಮುಖ, ಕತ್ತು ಬಡವಾಗುತ್ತದೆ. ಆಗ ಮುಖದ ಮಾಸ್ಕ್ ಸಡಿಲವಾಗುತ್ತದೆ. ಆ ಬಿಳಿ ಜಾಲರಿ ಮಾಸ್ಕನ್ನು ಮೊದಲ ದಿನ ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖಕ್ಕೆ ಅಚ್ಚು ಹಾಕಿರುತ್ತಾರೆ. ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಗಂಟಿಗೆ ಬೀಳಬೇಕಾದರೆ ಕತ್ತು ಅಲ್ಲಾಡಬಾರದು. ದೊಡ್ಡಪ್ಪನಿಗೆ ನಾಲ್ಕನೇ ವಾರ ಮಾಸ್ಕಿಗೂ ಕೆನ್ನೆಗೂ ನಡುವೆ ಬೆರಳು ಹೋಗುವಷ್ಟು ಜಾಗ ಆಗಿತ್ತು. ಅವರು ಸುಮ್ನೆ ಮಲಗುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಮಷಿನ್ ನೋಡಿಕೊಳ್ಳುವ ಹುಡುಗಿ ಗಮನಿಸಿ ಡಾಕ್ಟರನ್ನು ಕರೆದರು. ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಆಯಿತು. ನಿಮ್ಮವರಿಗೂ ಸಡಿಲ ಅನ್ನಿಸಿದರೆ ಅಂದೇ ಹೇಳಿಸಿ. ರಾಗಿ ಗಂಜಿ, ಮಜ್ಜಿಗೆ, ಮೆತ್ತಗೆ ಬೇಯಿಸಿದ ಮೊಟ್ಟೆ, ಹೇಗೋ ಒಳಗೆ ಹೋಗಲಿ. ಹೋಗುತ್ತಿಲ್ಲ ಅಂದರೆ ಮೂಗಿನ ನಳಿಕೆಗೆ ಹಿಂಜರಿಯಬೇಡಿ. ಅದು ಸೋಲಲ್ಲ, ಕೆಲವು ವಾರದ ಆಸರೆ.

ಮಧ್ಯೆ ಗಂಟು ಸ್ವಲ್ಪ ಊದಿದ ಹಾಗೆ ಕಾಣಬಹುದು. ಒಳಗೆ ನೀರು ತುಂಬಿದ ಗಂಟುಗಳಲ್ಲಿ ಇದು ಆಗುತ್ತದೆ. ಡಾಕ್ಟರಿಗೆ ತೋರಿಸಿ, ಆದರೆ ಚಿಕಿತ್ಸೆ ಸೋತಿತು ಅಂತ ತೀರ್ಮಾನಿಸಬೇಡಿ.

ಗಂಟಿನ ಮೇಲೆ ಏನನ್ನೂ ಹಚ್ಚಬೇಡಿ. ಅರಿಶಿನದ ಲೇಪ, ನೋವಿನ ಬಾಮ್, ಬಿಸಿ ಶಾಖ, ನಾಟಿ ಔಷಧಿಯ ಪಟ್ಟು, ಯಾವುದೂ ಬೇಡ. ಅಲ್ಲಿನ ಚರ್ಮ ಮೊದಲೇ ಬಿಸಿಲಿಗೆ ಸುಟ್ಟ ಹಾಗಿರುತ್ತದೆ. ಬ್ಲೇಡಿನಲ್ಲಿ ಶೇವ್ ಮಾಡಬೇಡಿ. ಕಾಲರ್ ಇಲ್ಲದ ಹತ್ತಿ ಬಟ್ಟೆ ಸಾಕು.

ಹಂತ 3: ಹನ್ನೆರಡು ವಾರ ಕಾಯುವುದು

ಇದೇ ಕಷ್ಟದ ಹಂತ. ಯಾಕೆ ಕಾಯಬೇಕು ಅಂತ ಗೊತ್ತಾದರೆ ಸ್ವಲ್ಪ ಸುಲಭ.

ಕಿರಣ ತಗುಲಿದ ಕೂಡಲೇ ಕ್ಯಾನ್ಸರ್ ಕಣ ಸಾಯುವುದಿಲ್ಲ. ಅದರೊಳಗಿನ ಡಿಎನ್‌ಎ ತುಂಡಾಗುತ್ತದೆ. ಕಣ ನೋಡಲು ಹಾಗೇ ಇರುತ್ತದೆ. ಮುಂದೆ ಒಡೆದು ಎರಡಾಗಲು ಹೋದಾಗ ಆಗದೆ ಸಾಯುತ್ತದೆ. ಕೆಲವು ಒಂದೆರಡು ದಿನಕ್ಕೆ, ಕೆಲವು ವಾರಗಳ ನಂತರ. ಸತ್ತ ಕಣಗಳನ್ನು ದೇಹ ತಾನೇ ಗುಡಿಸಿ ಹಾಕಬೇಕು. ಅದಕ್ಕೂ ಸಮಯ ಬೇಕು. ಕೊನೆಗೆ ಕೆಲವರಲ್ಲಿ ಗಂಟಿದ್ದ ಜಾಗದಲ್ಲಿ ಬರೀ ಗಾಯದ ಕಲೆಯಂಥ ಗಟ್ಟಿ ಉಳಿಯುತ್ತದೆ. ಕೈಗೆ ಸಿಗುತ್ತದೆ, ಆದರೆ ಒಳಗೆ ಜೀವವಿರುವುದಿಲ್ಲ.

ಇದನ್ನು ಡಾಕ್ಟರ್ ವಿವರಿಸಿದಾಗ ದೊಡ್ಡಪ್ಪ ಒಂದು ನಿಮಿಷ ಸುಮ್ಮನಿದ್ದು, "ಸುಳಿ ಸತ್ತ ತೆಂಗಿನ ಮರ ಇದ್ದಂಗೆ" ಅಂದರು. ತೋಟ ಮಾಡಿದವರಿಗೆ ಗೊತ್ತು. ಸುಳಿ ಕೊಳೆತ ಮೇಲೂ ಹಳೆ ಗರಿ ಎಷ್ಟೋ ದಿನ ಹಸಿರಾಗೇ ಇರುತ್ತವೆ. ಒಂದೊಂದಾಗಿ ಬೀಳುತ್ತವೆ. ಎಲ್ಲಾ ಬಿದ್ದ ಮೇಲೂ ಬೊಡ್ಡೆ ನಿಂತಿರುತ್ತದೆ. ನನಗೆ ಅಷ್ಟು ಹೊತ್ತು ಓದಿದ್ದಕ್ಕಿಂತ ಆ ಮಾತಿನಲ್ಲಿ ಜಾಸ್ತಿ ಅರ್ಥವಾಯಿತು.

ಎಲ್ಲರ ಗಂಟೂ ಒಂದೇ ವೇಗದಲ್ಲಿ ಕರಗುವುದಿಲ್ಲ. ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಟಾನ್ಸಿಲ್ ಮತ್ತು ನಾಲಿಗೆಬುಡದ ಕ್ಯಾನ್ಸರಿನಲ್ಲಿ ಗಂಟು ನೀರು ತುಂಬಿದ ಚೀಲದಂತಿರುತ್ತದೆ. ನಿಧಾನಕ್ಕೆ ಕರಗುತ್ತದೆ. ಆದರೂ ಆ ರೋಗಿಗಳ ಫಲಿತಾಂಶ ಒಳ್ಳೆಯದೇ ಇರುತ್ತದೆ. ನಿಧಾನ ಅಂದರೆ ಕೆಟ್ಟದ್ದು ಅಂತಲ್ಲ.

ಈಗ ನಮ್ಮ ತಪ್ಪು. ಡಾಕ್ಟರ್ ಮೂರು ತಿಂಗಳು ಬಿಟ್ಟು ಪೆಟ್ ಸ್ಕ್ಯಾನ್ ಅಂದಿದ್ದರು. ನಮಗೆ ತಡೆಯಲಾಗಲಿಲ್ಲ. ಐದನೇ ವಾರಕ್ಕೆ ನಾವೇ ಒಂದು ಸ್ಕ್ಯಾನ್ ಸೆಂಟರಿಗೆ ಹೋಗಿ ದುಡ್ಡು ಕಟ್ಟಿ ಮಾಡಿಸಿದೆವು. ಗಂಟು ಬೆಳಗುತ್ತಿದೆ, ಕ್ಯಾನ್ಸರ್ ಉಳಿದಿರಬಹುದು ಅಂತ ರಿಪೋರ್ಟ್ ಬಂತು. ಆ ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಾರನೇ ದಿನ ಡಾಕ್ಟರ್ ಫಿಲ್ಮ್ ನೋಡಿ, ಕತ್ತು ಮುಟ್ಟಿ, "ಕರೆಂಟಿನ ಉರಿ ಇನ್ನೂ ಆರಿಲ್ಲ. ಅದೇ ಬೆಳಗ್ತಿರೋದು. ಕಾಯೋಣ" ಅಂದರು. ಪೆಟ್ ಸ್ಕ್ಯಾನಿಗೆ ಸಕ್ಕರೆಯಂಥ ಔಷಧಿ ಚುಚ್ಚುತ್ತಾರೆ. ಕ್ಯಾನ್ಸರ್ ಕಣ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಆದರೆ ಉರಿಯೂತ ಇರುವ ಜಾಗವೂ ಎಳೆದುಕೊಳ್ಳುತ್ತದೆ. ಬೇಗ ಮಾಡಿಸಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 13ನೇ ವಾರದ ಸ್ಕ್ಯಾನಿನಲ್ಲಿ ಗಂಟು 8 ಮಿಲಿಮೀಟರ್ ಆಗಿತ್ತು, ಬೆಳಕು ಇರಲಿಲ್ಲ. ನಡುವಿನ ಎಂಟು ವಾರ ನಾವು ಪಟ್ಟ ಸಂಕಟ ಮಾತ್ರ ನಾವೇ ದುಡ್ಡು ಕೊಟ್ಟು ತಂದಿದ್ದು.

ಅದಕ್ಕೇ ಹೇಳುತ್ತಿದ್ದೇನೆ: ಕೊನೆಯ ಕರೆಂಟಿನ ದಿನ ನೋಟ್‌ಬುಕ್ಕಿನಲ್ಲಿ ಬರೆದು, ಅಲ್ಲಿಂದ 12 ವಾರ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ಫಲಿತಾಂಶದ ದಿನ.

ಕಾಯುವುದು ಅಂದರೆ ಆಸ್ಪತ್ರೆಗೆ ಹೋಗದೇ ಇರುವುದಲ್ಲ. ನಡುವೆ ಡಾಕ್ಟರ್ ಕರೆದಾಗಲೆಲ್ಲ ಹೋಗಿ. ಚಿಕಿತ್ಸೆ ಮುಗಿದ ಮೊದಲ ಎರಡು ವಾರ ಬಾಯಿ, ಚರ್ಮದ ತೊಂದರೆ ಇನ್ನೂ ಜೋರಾಗಬಹುದು. ಈ ಕೆಳಗಿನದು ಕಂಡರೆ ಮಾತ್ರ 12 ವಾರ ಅಂತ ಕೂರಬೇಡಿ, ತಕ್ಷಣ ಹೋಗಿ: ಗಂಟು ಕಣ್ಣಿಗೆ ಕಾಣುವಂತೆ ಬೆಳೆಯುತ್ತಿದ್ದರೆ, ಹೊಸ ಗಂಟು ಬಂದರೆ, ಮೇಲಿನ ಚರ್ಮ ಒಡೆದರೆ, ಬಾಯಿಂದ ಅಥವಾ ಕತ್ತಿನಿಂದ ರಕ್ತ ಬಂದರೆ, ಉಸಿರಾಡುವಾಗ ಸದ್ದಾದರೆ, ನೀರೂ ಇಳಿಯದಿದ್ದರೆ, ಜ್ವರ ಬಂದರೆ.

ಹಂತ 4: ಸ್ಕ್ಯಾನಿನ ದಿನ

ಪೆಟ್ ಸ್ಕ್ಯಾನಿಗೆ ಮೊದಲಿನ 4ರಿಂದ 6 ಗಂಟೆ ಕಾಲ ಬರೀ ನೀರು. ಕಾಫಿ, ಟೀ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ, ಇನ್ಸುಲಿನ್ ಯಾವಾಗ ಅಂತ ಹಿಂದಿನ ದಿನವೇ ಕೇಳಿ. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಹಿಂದಿನ ದಿನ ಭಾರದ ಕೆಲಸ ಮಾಡಬಾರದು. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಬೆಚ್ಚಗೆ, ಮಾತಾಡದೆ, ಏನೂ ಜಗಿಯದೆ ಕೂರಬೇಕು. ಮಾತಾಡಿದರೆ ಗಂಟಲಿನ ಮಾಂಸಖಂಡಗಳೇ ಬೆಳಗಿ ಚಿತ್ರ ಗೊಂದಲವಾಗುತ್ತದೆ. ಫೋನ್ ನೀವೇ ಇಟ್ಟುಕೊಳ್ಳಿ. ಅವತ್ತು ಕೆಲವು ಗಂಟೆ ರೋಗಿ ಗರ್ಭಿಣಿಯರಿಂದ, ಎಳೆ ಮಕ್ಕಳಿಂದ ದೂರ ಇರಲಿ.

ಪೆಟ್ ಸ್ಕ್ಯಾನ್ ಎಲ್ಲ ಊರಲ್ಲೂ ಇಲ್ಲ, ಖರ್ಚೂ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಸಿಗುತ್ತದಾ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ಕೇಳಿ. ಆಗದಿದ್ದರೆ 8ರಿಂದ 12 ವಾರದ ನಡುವೆ ಔಷಧಿ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್ ಇದೆ. ಅದರ ಜೊತೆಗೆ ಅನುಭವಿ ಡಾಕ್ಟರ ಕೈ.

ಹಂತ 5: ರಿಪೋರ್ಟ್ ಓದುವುದು

ರಿಪೋರ್ಟ್ ಮೊದಲು ನಿಮ್ಮ ಕೈಗೇ ಬರುತ್ತದೆ. ಆಟೋದಲ್ಲೇ ಓದಲು ಶುರು ಮಾಡುತ್ತೀರಿ, ಅಲ್ವಾ? ಹಾಗಾಗಿ ಎರಡು ವಿಷಯ ತಿಳಿದಿರಲಿ. ಒಂದು ಗಂಟಿನ ಗಾತ್ರ. ಸಣ್ಣ ಅಗಲ 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯ ಗ್ರಂಥಿಯ ಲೆಕ್ಕ. ಇನ್ನೊಂದು ಬೆಳಕು. ಅದನ್ನು ಎಸ್‌ಯುವಿ ಎಂಬ ಅಂಕಿಯಲ್ಲಿ ಬರೆಯುತ್ತಾರೆ. ಇಷ್ಟಿದ್ದರೆ ಕ್ಯಾನ್ಸರ್, ಇಷ್ಟಿದ್ದರೆ ಅಲ್ಲ ಅನ್ನುವ ಒಂದೇ ಗೆರೆ ಇಲ್ಲ. ಕತ್ತಿನ ರಕ್ತನಾಳ ಮತ್ತು ಲಿವರ್ ಎಷ್ಟು ಬೆಳಗುತ್ತವೆ ಅಂತ ಹೋಲಿಸಿ ನೋಡುತ್ತಾರೆ. ಬೇರೆ ರೋಗಿಯ ಅಂಕಿ ಜೊತೆ ನಿಮ್ಮದನ್ನು ತೂಗಬೇಡಿ.

ಗಂಟು ಸ್ವಲ್ಪ ಉಳಿದಿದೆ, ಬೆಳಕು ಇಲ್ಲ. ಇದು ಒಳ್ಳೆಯ ಸುದ್ದಿ. 12 ವಾರದ ನಂತರದ ಸ್ಕ್ಯಾನ್ "ಇಲ್ಲ" ಅಂದರೆ ಆ ಮಾತನ್ನು ಬಹುಪಾಲು ನಂಬಬಹುದು. "ಇದೆ" ಅಂದಾಗ ಮಾತ್ರ ಇನ್ನೊಂದು ಸಲ ಪರೀಕ್ಷಿಸಿಯೇ ನಂಬಬೇಕು.

ಹಿಂದೆ ದೊಡ್ಡ ಗಂಟಿದ್ದವರಿಗೆ ಕರೆಂಟು ಮುಗಿದ ಮೇಲೆ, ಕರಗಿದ್ದರೂ ಸರಿ ಬಿಟ್ಟಿದ್ದರೂ ಸರಿ, ಕತ್ತಿನ ಆಪರೇಷನ್ ಮಾಡುವ ಪದ್ಧತಿ ಎಷ್ಟೋ ಕಡೆ ಇತ್ತು. ಬ್ರಿಟನ್ನಿನಲ್ಲಿ 564 ರೋಗಿಗಳ ಮೇಲೆ ನಡೆದ ಪೆಟ್-ನೆಕ್ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಅರ್ಧ ಜನಕ್ಕೆ ಆಪರೇಷನ್ ಅಂತ ಗೊತ್ತು ಮಾಡಿದರು. ಉಳಿದರ್ಧಕ್ಕೆ 12 ವಾರಕ್ಕೆ ಸ್ಕ್ಯಾನ್, ಬೇಕಿದ್ದರೆ ಮಾತ್ರ ಆಪರೇಷನ್. ಮೊದಲ ಗುಂಪಿನಲ್ಲಿ 221 ಆಪರೇಷನ್ ಆದವು, ಎರಡನೆಯದರಲ್ಲಿ 54. ಎರಡು ವರ್ಷದ ನಂತರ ಬದುಕಿದ್ದವರು ಆಪರೇಷನ್ ಗುಂಪಿನಲ್ಲಿ ಶೇ. 81.5, ಸ್ಕ್ಯಾನ್ ಗುಂಪಿನಲ್ಲಿ ಶೇ. 84.9. ಕಾದವರಿಗೆ ನಷ್ಟವಾಗಲಿಲ್ಲ. ಕಾಯಿರಿ ಅಂತ ಡಾಕ್ಟರ್ ಹೇಳುವಾಗ ಅವರ ಹಿಂದೆ ಇಂಥ ಲೆಕ್ಕ ಇರುತ್ತದೆ.

ಹಂತ 6: ಬೆಳಕು ಉಳಿದಿದ್ದರೆ

ಮಸುಕಾಗಿ ಬೆಳಗುತ್ತಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬಹುದು, ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ಪರೀಕ್ಷಿಸಬಹುದು. ಸೂಜಿಯಲ್ಲಿ ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ನಿರಾಳವಲ್ಲ. ಕರೆಂಟು ಆದ ಗ್ರಂಥಿಯಲ್ಲಿ ಸತ್ತ ಕಣ, ಬದುಕಿದ ಕಣ ಬೆರೆತಿರುತ್ತವೆ. ನಮ್ಮ ದೇಶದಲ್ಲಿ ಇನ್ನೊಂದು ಸಾಧ್ಯತೆ ಕ್ಷಯ. ಟಿಬಿ ಗ್ರಂಥಿಯೂ ಪೆಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ಬೆಳಗುತ್ತದೆ. ಹುಳುಕು ಹಲ್ಲಿನ ಸೋಂಕಿಗೂ ಗ್ರಂಥಿ ಊದುತ್ತದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದಿದ್ದರೆ ಮುಚ್ಚಿಡದೆ ಹೇಳಿ.

ಕ್ಯಾನ್ಸರ್ ಉಳಿದಿದೆ ಅಂತ ಗಟ್ಟಿಯಾದರೆ, ದೇಹದ ಬೇರೆಲ್ಲೂ ಹರಡಿಲ್ಲದಿದ್ದರೆ, ಕತ್ತಿನ ಆಪರೇಷನ್ ದಾರಿಯಿದೆ. ಇದನ್ನು ಮುಂದೂಡಬೇಡಿ. ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ: ಗಂಟಲಿನ ಮೂಲ ಜಾಗ ಕ್ಲೀನ್ ಆಗಿದೆಯಾ? ಗಂಟು ದೊಡ್ಡ ರಕ್ತನಾಳಕ್ಕೆ ಅಂಟಿದೆಯಾ? ಭುಜದ ನರ ಉಳಿಸಲು ಆಗುತ್ತಾ? ಆ ನರಕ್ಕೆ ಪೆಟ್ಟಾದರೆ ಕೈ ಮೇಲೆತ್ತುವುದು ಕಷ್ಟ. ತೆಂಗಿನಕಾಯಿ ಸುಲಿಯುವವರಿಗೆ, ಬಟ್ಟೆ ಒಣಗಿಸುವವರಿಗೆ ಅದು ಸಣ್ಣ ವಿಷಯವಲ್ಲ. ಫಿಸಿಯೋಥೆರಪಿ ಬೇಗ ಶುರು ಮಾಡಿಸಿ.

ಹಂತ 7: ಎಲ್ಲ ಸರಿ ಇದೆ ಅಂದ ಮೇಲೆ

ಕೆಲವು ತಿಂಗಳ ನಂತರ ಕತ್ತು ಮರದ ಹಲಗೆಯಂತೆ ಗಟ್ಟಿಯಾಗಬಹುದು. ಗದ್ದದ ಕೆಳಗೆ ಬೆಳಗ್ಗೆ ಊದಿಕೊಂಡು ಸಂಜೆಗೆ ಇಳಿಯಬಹುದು. ದುಗ್ಧರಸ ಹರಿಯುವ ದಾರಿ ಕಟ್ಟಿದ್ದರಿಂದ ಹೀಗಾಗುತ್ತದೆ. ಎರಡಕ್ಕೂ ಜನ ಗಂಟು ಮತ್ತೆ ಬಂತು ಅಂತ ಹೆದರುತ್ತಾರೆ. ಹರಡಿಕೊಂಡ ಗಟ್ಟಿತನ ಬೇರೆ, ಬೆರಳಿಗೆ ಅಂಚು ಸಿಗುವ ಗಂಟು ಬೇರೆ. ಅನುಮಾನ ಬಂದರೆ ತೋರಿಸಿ. ತಲೆದಿಂಬು ಸ್ವಲ್ಪ ಎತ್ತರ ಇಡಿ. ಮಸಾಜನ್ನು ಕಲಿತ ಫಿಸಿಯೋ ಹತ್ತಿರವೇ ಮಾಡಿಸಿ, ಎಣ್ಣೆ ಹಾಕಿ ತಿಕ್ಕಬೇಡಿ.

ಬಾಯಿ ತೆರೆಯುವ ವ್ಯಾಯಾಮ ದಿನಾ ಇರಲಿ. ಮೂರು ಬೆರಳು ನಿಲ್ಲಿಸಿ ಹಲ್ಲುಗಳ ನಡುವೆ ಹೋಗುತ್ತಾ ಅಂತ ನೋಡುವುದು ಸುಲಭದ ಅಳತೆ. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ 6ರಿಂದ 12 ತಿಂಗಳಿಗೊಮ್ಮೆ ಮಾಡಿಸಿ. ಕತ್ತಿಗೆ ಕರೆಂಟು ಆದವರಲ್ಲಿ ಥೈರಾಯ್ಡ್ ಮಂದವಾಗುವುದು ಸಾಮಾನ್ಯ. ಸುಸ್ತು, ಚಳಿ, ತೂಕ ಏರುವುದು, ಇದನ್ನೆಲ್ಲ ಕ್ಯಾನ್ಸರಿನ ಲೆಕ್ಕಕ್ಕೆ ಹಾಕಿ ಎಷ್ಟೋ ಜನ ಸುಮ್ಮನಿರುತ್ತಾರೆ.

ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಹಾಗಾಗಿ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 4ರಿಂದ 8 ತಿಂಗಳಿಗೊಮ್ಮೆ ಹೋಗಬೇಕು. ಆಮೇಲೆ ವರ್ಷಕ್ಕೊಮ್ಮೆ. ನಿಮ್ಮ ಡಾಕ್ಟರ್ ಕೊಡುವ ತಾರೀಖು ಇದಕ್ಕಿಂತ ಬೇಗ ಇದ್ದರೆ ಅದನ್ನೇ ಪಾಲಿಸಿ.

ಮನೆಯಲ್ಲಿ ಕತ್ತು ಮುಟ್ಟಿ ನೋಡುವುದು ತಿಂಗಳಿಗೆ ಒಂದೇ ಸಲ. ದಿನಾ ಒತ್ತಿದರೆ ನೋವಾಗುತ್ತದೆ, ಬದಲಾವಣೆಯೂ ತಿಳಿಯುವುದಿಲ್ಲ. ದೊಡ್ಡಪ್ಪ ಅಮಾವಾಸ್ಯೆಯ ಮಾರನೇ ದಿನ ಇಟ್ಟುಕೊಂಡಿದ್ದಾರೆ. ಸ್ನಾನ ಮುಗಿಸಿ ಕನ್ನಡಿ ಮುಂದೆ ನಿಂತು, ಮೂರು ಬೆರಳಿನ ತುದಿಯಿಂದ ಕಿವಿಯ ಹಿಂದೆ, ದವಡೆಯ ಕೆಳಗೆ, ಕತ್ತಿನ ಪಕ್ಕ, ಕಾಲರ್ ಮೂಳೆಯ ಮೇಲೆ, ಎರಡೂ ಕಡೆ ನಿಧಾನಕ್ಕೆ ನೋಡಿಕೊಳ್ಳುತ್ತಾರೆ. ಏನು ಸಿಕ್ಕಿತು ಅಂತ ದೊಡ್ಡಮ್ಮ ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾರೆ. ಮುಂದಿನ ಭೇಟಿಗೆ ಹೋಗುವಾಗ ಫೈಲಿನ ಮೇಲೆ ಆ ನೋಟ್‌ಬುಕ್ ಇರುತ್ತದೆ.